ಲಂಡನ್ನಿಗೆ ಹೋಗೋಕೆ ಐದು ಗಂಟೆ, ಬರೋಕೆ ಹದಿನೈದಾ?

ಪ್ರಶ್ನೆ: ಮಗಳ ಟಿಕೆಟ್‌ನಲ್ಲಿ ಬೆಂಗಳೂರಿನಿಂದ ಬೆಳಗ್ಗೆ 7ಕ್ಕೆ ಹೊರಟು ಲಂಡನ್ನಿಗೆ ಮಧ್ಯಾಹ್ನ 12ಕ್ಕೆ ಅಂತಿದೆ. ವಾಪಸ್ ಬರುವಾಗ ಮಧ್ಯಾಹ್ನ 2ಕ್ಕೆ ಹೊರಟು ಮಾರನೇ ದಿನ ಬೆಳಗ್ಗೆ 5ಕ್ಕೆ. ನಡುವೆ ಎಲ್ಲೂ ಇಳಿಯುವುದಿಲ್ಲ. ನಿಜವಾಗಿ ಎಷ್ಟು ದೂರ, ಎಷ್ಟು ಹೊತ್ತು?
(ಹಾಸನದ ಓದುಗರೊಬ್ಬರು)

ಇದೇ ಲೆಕ್ಕ ನಮ್ಮ ಮನೆಯಲ್ಲೂ ಆಗಿದೆ. ಚಿಕ್ಕಮ್ಮ ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲಲ್ಲಿ ಕಳೆದು ನೋಡಿ, "ಬರುವಾಗ ಎತ್ತಿನ ಗಾಡೀಲಿ ಕರ್ಕೊಂಡು ಬರ್ತಾರೇನೋ" ಅಂದಿದ್ದರು.

ದೂರ ಸುಮಾರು 8,000 ಕಿ.ಮೀ. ಹೋಗುವಾಗ ಹತ್ತೂವರೆ ಗಂಟೆ, ಬರುವಾಗ ಒಂಬತ್ತೂವರೆ, ಹೆಚ್ಚು ಕಡಿಮೆ ಇಷ್ಟೇ. ಟಿಕೆಟ್ ತಪ್ಪು ಹೇಳುತ್ತಿಲ್ಲ. ಹೊರಡುವ ಸಮಯ ಹೊರಡುವ ಊರಿನ ಗಡಿಯಾರದ್ದು, ತಲುಪುವ ಸಮಯ ತಲುಪುವ ಊರಿನದು, ಅಷ್ಟೇ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ. ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಆಗ ನಾಲ್ಕೂವರೆ. ಅಕ್ಟೋಬರ್ ಕೊನೆಯ ಭಾನುವಾರ ಮತ್ತೆ ಮೊದಲಿನಂತೆ. ನಿಮ್ಮದು ಚಳಿಗಾಲದ ಟಿಕೆಟ್ ಇರಬೇಕು.

ಇದೆಲ್ಲ ನೆನಪಿಟ್ಟುಕೊಳ್ಳೋದು ಕಷ್ಟ ಅನ್ನಿಸಿದರೆ ಒಂದು ಉಪಾಯ ಇದೆ. ಟಿಕೆಟ್‌ನಲ್ಲಿ ಕಾಣುವ ಎರಡೂ ಲೆಕ್ಕ ಕೂಡಿಸಿ ಅರ್ಧ ಮಾಡಿ: 5ಕ್ಕೆ 15 ಸೇರಿಸಿದರೆ 20, ಅರ್ಧ 10. ಹೋಗುವಾಗ ಕಳೆದ ಐದೂವರೆ ಗಂಟೆ ಬರುವಾಗ ಹಾಗೇ ವಾಪಸ್ ಬಂದುಬಿಡುತ್ತದೆ. ನಡುವೆ ಲಂಡನ್ ಗಡಿಯಾರ ಬದಲಾಗಿರಬಾರದು, ಅಷ್ಟೇ.

ಹಾಗಾದರೆ ಬರುವಾಗ ನಿಜವಾಗಿಯೂ ಒಂದು ಗಂಟೆ ಕಡಿಮೆ ಯಾಕೆ? ಗಾಳಿ. ಒಂಬತ್ತು ಹತ್ತು ಕಿ.ಮೀ. ಎತ್ತರದಲ್ಲಿ, ಅಂದರೆ ವಿಮಾನ ಹಾರುವ ಮಟ್ಟದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿಯ ಹೊಳೆ ಹರಿಯುತ್ತಿರುತ್ತದೆ. ಜೆಟ್ ಸ್ಟ್ರೀಮ್ ಅಂದರೆ ಅದೇ. ಚಳಿಗಾಲದಲ್ಲಿ ಅದರ ಬಿರುಸು ಇನ್ನೂ ಜಾಸ್ತಿ. ಬರುವಾಗ ಬೆನ್ನಿಗೆ ಗಾಳಿ, ಹೋಗುವಾಗ ಮುಖಕ್ಕೆ. ಸೈಕಲ್ ತುಳಿದವರಿಗೆ ಹೇಳಬೇಕಾಗಿಲ್ಲ.

ದಾರಿಯೂ ಯಾವಾಗಲೂ ಒಂದೇ ಇರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನ ಕಂಪನಿಗಳಿಗೆ ತನ್ನ ಆಕಾಶ ಮುಚ್ಚಿದಾಗ ದೆಹಲಿಯಿಂದ ಯುರೋಪಿಗೆ ಹೋಗುವ ನಮ್ಮ ವಿಮಾನಗಳು ಸುತ್ತಿ ಬಳಸಿ ಹೋಗಬೇಕಾಯಿತು.

ಇನ್ನು ಟಿಕೆಟ್‌ನಲ್ಲಿ ಬರೆಯದ ಲೆಕ್ಕ. ಬೆಳಗ್ಗೆ 7ರ ವಿಮಾನಕ್ಕೆ 4ಕ್ಕೇ ದೇವನಹಳ್ಳಿಯಲ್ಲಿ ಇರಬೇಕು. ಹಾಸನದಿಂದ ಅಲ್ಲಿಗೆ ಸುಮಾರು 200 ಕಿ.ಮೀ., ರಾತ್ರಿಯಾದರೂ ನಾಲ್ಕೂವರೆ ಗಂಟೆ ಇಟ್ಟುಕೊಳ್ಳಿ. ಅಂದರೆ ರಾತ್ರಿ ಹನ್ನೊಂದೂವರೆಗೆ ಮನೆ ಬಿಡಬೇಕು. ಮಗಳು ಲಂಡನ್ನಿನಲ್ಲಿ ಇಳಿಯುವಾಗ ನಮ್ಮಲ್ಲಿ ಸಂಜೆ ಐದೂವರೆ. ಒಟ್ಟು ಹದಿನೆಂಟು ಗಂಟೆ. ಬೆಳ್ಳೂರು ಕ್ರಾಸಿನಲ್ಲಿ ಕಾಫಿಗೆ ನಿಲ್ಲಿಸುವುದಾದರೆ ಹನ್ನೊಂದಕ್ಕೇ ಹೊರಡಿ.