ಚರ್ಚಿನ ಸೂರು ಸೋರಿದರೆ ಹೊಲದ ಯಜಮಾನ ಯಾಕೆ ದುಡ್ಡು ಕೊಡಬೇಕು?

ಇಂಗ್ಲೆಂಡಿನ ವಾರಿಕ್‌ಶೈರ್‌ನಲ್ಲಿ ಆಸ್ಟನ್ ಕ್ಯಾಂಟ್ಲೊ ಅಂತ ಒಂದು ಸಣ್ಣ ಹಳ್ಳಿ. ಅಲ್ಲಿನ ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್ ಚರ್ಚು ಮಧ್ಯಯುಗದ ಕಲ್ಲಿನ ಕಟ್ಟಡ. ಶೇಕ್ಸ್‌ಪಿಯರ್‌ನ ತಾಯಿ ಮೇರಿ ಆರ್ಡನ್ ಇದೇ ಪ್ಯಾರಿಷ್‌ಗೆ, ಅಂದರೆ ಈ ಚರ್ಚಿನ ವ್ಯಾಪ್ತಿಗೆ, ಸೇರಿದ ವಿಲ್ಮ್‌ಕೋಟ್‌ನವಳು. ಅವಳ ಮದುವೆ ಇಲ್ಲೇ ನಡೆದಿದ್ದು ಅನ್ನುವ ನಂಬಿಕೆ ಇದೆ. ಆದರೆ ಇಂಗ್ಲೆಂಡಿನ ವಕೀಲರಿಗೆ ಈ ಊರು ನೆನಪಾಗುವುದು ಆ ಮದುವೆಯಿಂದಲ್ಲ, ಒಂದು ರಿಪೇರಿ ಬಿಲ್ಲಿನಿಂದ.

ಬಿಲ್ಲಿನ ಕಥೆ ಅರ್ಥವಾಗಬೇಕಾದರೆ ಮೊದಲು ಕಟ್ಟಡವನ್ನು ನೋಡಬೇಕು. ಇಂಥ ಹಳ್ಳಿ ಚರ್ಚಿನ ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ಉದ್ದನೆಯ ಹಜಾರ, ಅದು ನೇವ್. ಊರಿನ ಜನ ನಿಲ್ಲುತ್ತಿದ್ದ ಜಾಗ. ಪೂರ್ವದ ತುದಿಯಲ್ಲಿ ದೊಡ್ಡ ಕಲ್ಲಿನ ಕಮಾನು. ಅದರಾಚೆಗೆ ಚಾನ್ಸೆಲ್, ಅಂದರೆ ಬಲಿಪೀಠ ಇರುವ ಭಾಗ, ಪಾದ್ರಿಯ ಜಾಗ. ಅಲ್ಲಿನ ದಕ್ಷಿಣದ ಗೋಡೆಯನ್ನು ಗಮನಿಸಿ ನೋಡಿದರೆ ಸಾಮಾನ್ಯವಾಗಿ ಒಂದು ಪುಟ್ಟ ಕಲ್ಲಿನ ಬೋಗುಣಿ ಕಾಣುತ್ತದೆ, ತಳದಲ್ಲಿ ತೂತು ಸಮೇತ. ಬಲಿಪೂಜೆಯ ಪಾತ್ರೆ ತೊಳೆದ ನೀರು ಅದರ ಮೂಲಕ ನೇರ ಮಣ್ಣಿಗೆ ಇಳಿಯಬೇಕಿತ್ತು. ಪವಿತ್ರವಾದದ್ದನ್ನು ಎಲ್ಲೆಂದರಲ್ಲಿ ಚೆಲ್ಲುವ ಹಾಗಿಲ್ಲವಲ್ಲ! ಕಮಾನಿಗೆ ಅಡ್ಡಲಾಗಿ ಕೆತ್ತನೆಯ ಮರದ ತೆರೆ ಇರುತ್ತಿತ್ತು. ಜನ ಅದರ ಸಂದಿಯಿಂದಲೇ ಪೂಜೆ ನೋಡಬೇಕು.

ಕಟ್ಟಡ ಒಂದೇ, ಆದರೆ ನೋಡಿಕೊಳ್ಳುವವರು ಇಬ್ಬರು. ನೇವ್‌ನ ಸೂರು, ಗೋಡೆ ಊರಿನವರ ಹೊಣೆ. ಚಾನ್ಸೆಲ್ ಮಾತ್ರ ರೆಕ್ಟರ್‌ನ ಹೊಣೆ. ರೆಕ್ಟರ್ ಅಂದರೆ ಆ ಪ್ಯಾರಿಷ್‌ನ ಬೆಳೆಯಲ್ಲಿ ದಶಮಾಂಶ ಅನ್ನುವ ಪಾಲು ಪಡೆಯುವ ಪಾದ್ರಿ. 13ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಈ ಪದ್ಧತಿ ಗಟ್ಟಿಯಾಗಿತ್ತು. ಆಸ್ಟನ್ ಕ್ಯಾಂಟ್ಲೊದ ಚಾನ್ಸೆಲ್ ಎದ್ದದ್ದೂ ಅದೇ ಶತಮಾನದ ಕೊನೆಯಲ್ಲಿ. ಎಷ್ಟೋ ಊರುಗಳಲ್ಲಿ ಈ ಪಾಲು ಹೊರಗಿನಿಂದಲೇ ಗೊತ್ತಾಗುತ್ತದೆ. ಉಣ್ಣೆ ವ್ಯಾಪಾರದಲ್ಲಿ ದುಡ್ಡು ಕಂಡ ಊರಿನವರು 15ನೇ ಶತಮಾನದಲ್ಲಿ ನೇವ್‌ನ ಗೋಡೆ ಎತ್ತರಿಸಿ ಮೇಲುಗಡೆ ಸಾಲು ಕಿಟಕಿ ಇಟ್ಟರು. ರೆಕ್ಟರ್ ಕೈ ಬಿಚ್ಚಲಿಲ್ಲ. ಚಾನ್ಸೆಲ್ ಹಳೆಯ ಎತ್ತರದಲ್ಲೇ, ಕುಳ್ಳಗೆ ಉಳಿಯಿತು.

ರೆಕ್ಟರ್‌ಗೆ ಆದಾಯವೂ ಚೆನ್ನಾಗಿಯೇ ಇತ್ತು ಬಿಡಿ. ಬೆಳೆದ ಕಾಳು, ಹುಲ್ಲು ಎಲ್ಲದರಲ್ಲೂ ಹತ್ತರಲ್ಲಿ ಒಂದು ಪಾಲು. ಇದನ್ನು ಕಂಡ ಮಠಗಳು ರೆಕ್ಟರ್ ಸ್ಥಾನವನ್ನೇ ತಮ್ಮದಾಗಿಸಿಕೊಂಡು, ಪೂಜೆಗೆ ಕಡಿಮೆ ಸಂಬಳದ ವಿಕಾರ್ ಒಬ್ಬನನ್ನು ಇಡತೊಡಗಿದವು. ದಶಮಾಂಶ ಮಠಕ್ಕೆ, ಜೊತೆಗೆ ಚಾನ್ಸೆಲ್‌ನ ಹೊಣೆಯೂ ಮಠಕ್ಕೆ. ಅಲ್ಲಿಯವರೆಗೆ ಲೆಕ್ಕ ಸರಿಯಾಗಿಯೇ ಇತ್ತು.

ಎಡವಟ್ಟು ಶುರುವಾದದ್ದು ಎಂಟನೇ ಹೆನ್ರಿಯಿಂದ. 1536ರಿಂದ 1540ರ ಒಳಗೆ ಅವನು ಮಠಗಳನ್ನೆಲ್ಲ ಮುಚ್ಚಿಸಿದ. ಅವುಗಳ ಆಸ್ತಿಯ ಜೊತೆ ರೆಕ್ಟರ್ ಹಕ್ಕುಗಳೂ ಮಾರಾಟವಾದವು. ಕೊಂಡವರು ಜಮೀನ್ದಾರರು, ಆಸ್ಥಾನದ ಮಂದಿ. ಪ್ರಾರ್ಥನೆ ನಡೆಸಲು ಬಾರದವರೂ ರೆಕ್ಟರ್ ಆದರು! ಅವರನ್ನು ಲೇ ರೆಕ್ಟರ್ ಅಂತ ಕರೆಯುತ್ತಾರೆ. ಆಮೇಲೆ 18ನೇ ಶತಮಾನದಲ್ಲಿ ಊರೂರಿನ ಬಯಲು ಹೊಲಗಳಿಗೆ ಬೇಲಿ ಹಾಕಿ ಹಂಚುವ ಕೆಲಸ ಜೋರಾಯಿತು. ಆಗ ಅನೇಕ ಕಡೆ ದಶಮಾಂಶದ ಬದಲು ಲೇ ರೆಕ್ಟರ್‌ಗೆ ಒಂದು ತುಂಡು ಜಮೀನು ಕೊಟ್ಟು ಕೈತೊಳೆದುಕೊಂಡರು. ಆಸ್ಟನ್ ಕ್ಯಾಂಟ್ಲೊದಲ್ಲಿ 1743ರಲ್ಲಿ ಆದದ್ದು ಇದೇ. ಚಾನ್ಸೆಲ್‌ನ ಹೊಣೆ ಆ ಮಣ್ಣಿಗೆ ಅಂಟಿಕೊಂಡಿತು. ದೇವಸ್ಥಾನದ ದೀಪಕ್ಕೆ ಎಣ್ಣೆ ಹಾಕಬೇಕು ಅನ್ನುವ ಷರತ್ತಿನ ಇನಾಂ ಜಮೀನು ನಮ್ಮಲ್ಲಿ ಇರಲಿಲ್ವಾ, ಹೆಚ್ಚುಕಡಿಮೆ ಹಾಗೆ.

ಕೈಬದಲಾದಂತೆ ಜನ ಇದನ್ನು ಮರೆತರು. ಕಾನೂನು ಮರೆಯಲಿಲ್ಲ. 1932ರ ಚಾನ್ಸೆಲ್ ರಿಪೇರಿ ಕಾಯ್ದೆ ವಸೂಲಿಯನ್ನು ಮಾಮೂಲಿ ಸಿವಿಲ್ ಕೋರ್ಟಿಗೆ ತಂದಿತು. 1936ರಲ್ಲಿ ದಶಮಾಂಶದ ಬದಲಿಗೆ ಕಟ್ಟುತ್ತಿದ್ದ ಹಣವೂ ರದ್ದಾಯಿತು. ದಶಮಾಂಶಕ್ಕೆ ಬದಲಾಗಿ ಸಿಕ್ಕ ಜಮೀನಿನ ಮೇಲಿನ ಹೊಣೆ ಮಾತ್ರ ಹಾಗೇ ಕೂತಿತ್ತು. ಇದನ್ನು ತೆಗೆದುಹಾಕಿ ಅಂತ ಅಲ್ಲಿನ ಕಾನೂನು ಆಯೋಗ 1985ರಲ್ಲೇ ಹೇಳಿತ್ತು. ಸಂಸತ್ತು ಕಿವಿಗೆ ಹಾಕಿಕೊಳ್ಳಲಿಲ್ಲ.

1990ರ ದಶಕದಲ್ಲಿ ಆಸ್ಟನ್ ಕ್ಯಾಂಟ್ಲೊದ ಚಾನ್ಸೆಲ್ ರಿಪೇರಿಗೆ ಬಂತು. 1743ರ ಆ ಜಮೀನು ಸೇರಿಕೊಂಡಿದ್ದ ಗ್ಲೀಬ್ ಫಾರ್ಮ್‌ನ ಒಡೆಯರಾಗಿದ್ದ ದಂಪತಿಗೆ ಪ್ಯಾರಿಷ್ ಸಮಿತಿ ನೋಟಿಸ್ ಕೊಟ್ಟಿತು. ಅವರು ಒಪ್ಪಲಿಲ್ಲ, ಸಮಿತಿ ಕೋರ್ಟಿಗೆ ಹೋಯಿತು. 2001ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. ಎಲ್ಲರನ್ನೂ ಬಿಟ್ಟು ಒಬ್ಬರ ಮೇಲೆ ಹೇರುವ ಇಂಥ ವಸೂಲಿ ಮಾನವ ಹಕ್ಕಿಗೆ ವಿರುದ್ಧ ಅಂದಿತು. 2003ರ ಜೂನ್‌ನಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ತಿರುಗಿಸಿತು. ಪ್ಯಾರಿಷ್ ಸಮಿತಿ ಸರ್ಕಾರದ ಅಂಗವಲ್ಲ, ತನಗೆ ಬರಬೇಕಾದ ಬಾಕಿಯನ್ನು ಕೇಳುತ್ತಿದೆ ಅಷ್ಟೇ ಅನ್ನುವುದು ತೀರ್ಪಿನ ತಿರುಳು. ಈ ಹೊಣೆ ಗೊತ್ತಿದ್ದೇ ಆಸ್ತಿ ಅವರ ಕೈಗೆ ಬಂದಿತ್ತು ಅನ್ನುವುದೂ ನಿಜ. ಹಾಗಾಗಿ ಕಾನೂನಿನ ಮಟ್ಟಿಗೆ ತೀರ್ಪು ತಪ್ಪು ಅನ್ನಲಾಗದು. ಆದರೆ ಒಂದು ಸಂಸಾರ ತಾಳುವ ಮೊತ್ತವೇ ಅದು? 2007ರಲ್ಲಿ ಕೋರ್ಟು ನಿಗದಿ ಮಾಡಿದ್ದು 1,86,969 ಪೌಂಡ್. ವಕೀಲರ ಖರ್ಚು ಬೇರೆ. 2009ರಲ್ಲಿ ಫಾರ್ಮ್ ಹರಾಜಿಗೆ ಹೋಯಿತು.

2003ರ ತೀರ್ಪಿನ ನಂತರವೇ ಸರ್ಕಾರ ಒಂದು ಗಡುವು ಇಟ್ಟಿತ್ತು. 2013ರ ಅಕ್ಟೋಬರ್ 13ಕ್ಕೆ ಮೊದಲು ಚರ್ಚುಗಳು ಇಂಥ ಹಕ್ಕನ್ನು ಭೂ ದಾಖಲೆಯಲ್ಲಿ ಬರೆಸಬೇಕು. ಇಲ್ಲದಿದ್ದರೆ ಆಮೇಲೆ ದುಡ್ಡು ಕೊಟ್ಟು ಜಮೀನು ಕೊಂಡವರನ್ನು ಕೇಳುವಂತಿಲ್ಲ. ಇಂಥ ಹಕ್ಕಿರುವ ಹಳೆಯ ಚರ್ಚುಗಳು ಸುಮಾರು 5,200 ಅನ್ನುವ ಅಂದಾಜಿತ್ತು. ಹಕ್ಕು ಬರೆಸಲು ಹೊರಟರೆ ಊರಿನವರ ಜೊತೆ ಜಗಳ, ಬಿಟ್ಟರೆ ಸೂರಿಗೆ ದುಡ್ಡಿಲ್ಲ. ಮನೆ ಕೊಳ್ಳುವವರ ವಕೀಲರು ಇವತ್ತಿಗೂ ಇದನ್ನು ಹುಡುಕಿ ನೋಡುತ್ತಾರೆ, ಅನುಮಾನ ಬಂದರೆ ಸಣ್ಣ ಮೊತ್ತದ ವಿಮೆ ಮಾಡಿಸುತ್ತಾರೆ. ಮಾರಾಟವಾಗದೆ ಅಪ್ಪನಿಂದ ಮಕ್ಕಳಿಗೆ ಸುಮ್ನೆ ಬಂದ ಜಮೀನಿಗೆ ಮಾತ್ರ 2013ರ ರಕ್ಷಣೆ ಸಿಗುವುದಿಲ್ಲ.