ಲೂಯಿ ಪಸಾಲಿಯಾ ಮತ್ತು ಚೆಂಡಿನ ಎರಡು ಸುತ್ತು

1994ರ ನವೆಂಬರ್ 27, ವ್ಯಾಂಕೂವರ್. ಕೆನಡಾ ಫುಟ್‌ಬಾಲಿನ ಗ್ರೇ ಕಪ್ ಫೈನಲ್. ಇದು ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದೂ ಓಡುವ, ಅಮೆರಿಕನ್ ಫುಟ್‌ಬಾಲಿನಂಥ ಆಟ. ಬಿ.ಸಿ. ಲಯನ್ಸ್ ಮತ್ತು ಬಾಲ್ಟಿಮೋರ್ 23–23ರಲ್ಲಿ ಸಮ. ಲಯನ್ಸ್ ಕಿಕ್ಕರ್ ಲೂಯಿ ಪಸಾಲಿಯಾ 37 ಗಜದಿಂದ ಒದ್ದರು. ಎರಡು ಗೋಲ್ ಕಂಬಗಳ ನಡುವೆ ಹೋಗಿದ್ದರೆ 3 ಅಂಕ. ಚೆಂಡು ಕಂಬದ ಪಕ್ಕದಲ್ಲಿ ಹೋಯಿತು. ಕೆನಡಾ ನಿಯಮದಲ್ಲಿ ಹೀಗೆ ತಪ್ಪಿದ ಚೆಂಡು ಎದುರಾಳಿಯ ಎಂಡ್ ಝೋನ್‌ನಲ್ಲೇ, ಅಂದರೆ ಮೈದಾನದ ತುದಿಯ ಪಟ್ಟಿಯಲ್ಲೇ, ಉಳಿದರೆ ಒದ್ದವರಿಗೆ 1 ಅಂಕ. ಬಾಲ್ಟಿಮೋರ್ ಆಟಗಾರ ಚೆಂಡು ಹಿಡಿದು ಹೊರಗೆ ಓಡಿ ಅದನ್ನೂ ತಪ್ಪಿಸಿದ. ಪಂದ್ಯದ ಕೊನೆಯ ಗಳಿಗೆಯಲ್ಲಿ ಪಸಾಲಿಯಾ ಮತ್ತೆ ಬಂದರು. 38 ಗಜ. ಈ ಸಲ ಕಂಬಗಳ ನಡುವೆ. 26–23.

ಇಂಥದ್ದು ನಡೆದಾಗ ಜನ ಸುಮ್ನೆ ‘ಅದೃಷ್ಟ’ ಅಂದುಬಿಡುತ್ತಾರೆ. ನಮ್ಮಲ್ಲೂ ಮ್ಯಾಚ್ ಬಿಗಿಯಾದಾಗ ‘ಕೂತ ಜಾಗ ಬಿಟ್ಟು ಏಳಬೇಡ’ ಅಂತಾರಲ್ವಾ? ನನಗೆ ಇದು ಸಹಿಸೋಕೆ ಆಗಲ್ಲ. ಆ ಸ್ಟೇಡಿಯಂ ನೋಡಿ: ಬಿ.ಸಿ. ಪ್ಲೇಸ್. ಆಗ ಅದರ ಬಟ್ಟೆಯ ಚಾವಣಿ ಒಳಗಿನ ಗಾಳಿಯ ಒತ್ತಡದ ಮೇಲೆಯೇ ನಿಂತಿತ್ತು. ಒಳಗೆ ಬೀಸುಗಾಳಿ ಇಲ್ಲ, ಮಳೆಯಿಲ್ಲ. ಅದೇ ಮನುಷ್ಯ, ಅದೇ ಸಂಜೆ, ಹೆಚ್ಚುಕಮ್ಮಿ ಅದೇ ದೂರ. ಬೇರೆಯಾಗಿದ್ದು ಪಾದ ಚೆಂಡಿಗೆ ತಾಗಿದ ರೀತಿ ಮಾತ್ರ.

ಆ ತಾಗುವಿಕೆ ಇರುವುದು ಸೆಕೆಂಡಿನ ಸುಮಾರು ನೂರನೇ ಒಂದು ಭಾಗ. ಅದಾದ ಮೇಲೆ ಕಿಕ್ಕರ್ ಕೈಯಲ್ಲಿ ಏನೂ ಇಲ್ಲ. ಕಂಬಗಳ ಅಂತರ 18.5 ಅಡಿ. 38 ಗಜದಿಂದ ಲೆಕ್ಕ ಹಾಕಿದರೆ ನಡುಗೆರೆಯಿಂದ ಆಚೀಚೆ ಬರೀ ನಾಲ್ಕೂವರೆ ಡಿಗ್ರಿಯಷ್ಟು ಜಾಗ. ತೊಡೆಯ ಬಲ ದೂರವನ್ನು ಕೊಡಬಹುದು, ಈ ನಾಲ್ಕೂವರೆ ಡಿಗ್ರಿಯನ್ನು ಕೊಡುವುದಿಲ್ಲ.

ಅದನ್ನು ಕೊಡುವುದು ಸುತ್ತು. ಈ ಚೆಂಡು ದುಂಡಗಿಲ್ಲ, ಎರಡೂ ತುದಿ ಚೂಪು. ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ನಡುವಿಗಿಂತ ಸ್ವಲ್ಪ ಕೆಳಗೆ ಒದೆಯಬೇಕು. ಆಗ ಅದು ತುದಿ ಮೇಲೆ ತುದಿ ಉರುಳುತ್ತಾ ಹಾರುತ್ತದೆ. ಉರುಳುವ ಅಕ್ಷ ನೆಲಕ್ಕೆ ಸಮಾನಾಂತರ, ಹೋಗುವ ದಿಕ್ಕಿಗೆ ಅಡ್ಡ. ಜೋರಾಗಿ ತಿರುಗುವ ವಸ್ತು ತನ್ನ ಅಕ್ಷವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ಚೆಂಡು ಎಷ್ಟು ಉರುಳಿದರೂ ಎಡಕ್ಕೆ ಬಲಕ್ಕೆ ಓಲಾಡುವುದಿಲ್ಲ. ಆದರೆ ಪಾದ ಒಂದಿಷ್ಟು ಪಕ್ಕಕ್ಕೆ ತಾಗಿತೋ, ಅಕ್ಷ ಓರೆಯಾಗುತ್ತದೆ. ಆಗ ಗಾಳಿಯ ಒತ್ತಡ ಒಂದು ಬದಿಗೆ ಜಾಸ್ತಿಯಾಗಿ ಚೆಂಡನ್ನು ಪಕ್ಕಕ್ಕೆ ತಳ್ಳುತ್ತದೆ. ಸ್ಪಿನ್ನರ್ ಎಸೆದ ಚೆಂಡು ಪಿಚ್ಚಿಗೆ ಬೀಳುವ ಮೊದಲೇ ಗಾಳಿಯಲ್ಲಿ ಡ್ರಿಫ್ಟ್ ಆಗುವುದು ಇದೇ ಬಲದಿಂದ. ಹೆಸರು ಮ್ಯಾಗ್ನಸ್ ಪರಿಣಾಮ. ಹೊರಟಾಗ ನೇರವಾಗಿದ್ದ ಕಿಕ್ ಕಂಬದ ಹತ್ತಿರ ಬಂದು ವಾಲುವುದು ಹೀಗೆ.

ಪಸಾಲಿಯಾ ನನಗೆ ಇಷ್ಟವಾಗುವುದು ಇಲ್ಲೇ. ಅವರು ಪಂಟ್ ಕೂಡ ಹೊಡೆಯುತ್ತಿದ್ದರು, ಅಂದರೆ ಕೈಯಿಂದ ಬಿಟ್ಟ ಚೆಂಡನ್ನು ನೆಲಕ್ಕೆ ತಾಗುವ ಮೊದಲೇ ಒದೆಯುವುದು. ಅಲ್ಲಿ ಬೇಕಾದ ಸುತ್ತೇ ಬೇರೆ. ಪಾದ ಚೆಂಡಿನ ಹೊಟ್ಟೆಗೆ ಓರೆಯಾಗಿ ಸವರಬೇಕು. ಆಗ ಚೆಂಡು ಉದ್ದದ ಅಕ್ಷದ ಸುತ್ತ ತಿರುಗುತ್ತಾ, ಚೂಪು ತುದಿಯಿಂದ ಗಾಳಿ ಸೀಳಿಕೊಂಡು ಹೋಗುತ್ತದೆ. ಮೇಲೇರುವಾಗ ಆಕಾಶ ನೋಡುವ ಮೂತಿ ಇಳಿಯುವಾಗ ತಾನಾಗಿ ನೆಲದ ಕಡೆ ಬಾಗುತ್ತದೆ! ಗಾಳಿ ಮೂತಿಯನ್ನು ತಿರುಚಲು ನೋಡುತ್ತದೆ. ಸುತ್ತುತ್ತಿರುವ ಚೆಂಡು ಮಗುಚಿಕೊಳ್ಳದೆ ತನ್ನ ಅಕ್ಷವನ್ನು ಮೆಲ್ಲಗೆ ಹೊರಳಿಸಿ ಹಾದಿಯ ಜೊತೆಗೇ ಬಾಗುತ್ತದೆ. 1983ರಲ್ಲಿ ಅವರ ಪಂಟ್‌ಗಳ ಸರಾಸರಿಯೇ 50 ಗಜ ದಾಟಿತ್ತು.

ಒಂದರಲ್ಲಿ ನೇರ ಪೆಟ್ಟು, ಇನ್ನೊಂದರಲ್ಲಿ ಸವರುವ ಪೆಟ್ಟು. ಒಂದು ಅಭ್ಯಾಸ ಇನ್ನೊಂದನ್ನು ಕೆಡಿಸೋದು ಸುಲಭ. ಅಮೆರಿಕದ ದೊಡ್ಡ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಈ ಎರಡು ಕೆಲಸಕ್ಕೆ ಸಾಮಾನ್ಯವಾಗಿ ಇಬ್ಬರನ್ನು ಇಟ್ಟುಕೊಳ್ಳುತ್ತವೆ. ಪಸಾಲಿಯಾ 1976ರಿಂದ 2000ದವರೆಗೆ ಒಂದೇ ತಂಡಕ್ಕೆ ಆಡಿದರು. 25 ಸೀಸನ್, 3,991 ಅಂಕ. ಕೊನೆಯ ಪಂದ್ಯವೂ ಗ್ರೇ ಕಪ್ ಫೈನಲ್ಲೇ, ಕ್ಯಾಲ್ಗರಿಯಲ್ಲಿ, ಮಾಂಟ್ರಿಯಲ್ ಎದುರು. ಆಗ ಅವರಿಗೆ 46 ವರ್ಷ. ಆಟ ಮುಗಿಯಲು ಎರಡು ನಿಮಿಷವೂ ಇಲ್ಲದಾಗ 29 ಗಜದಿಂದ 3 ಅಂಕ ಹೊಡೆದರು. ಲಯನ್ಸ್ ಗೆದ್ದಿದ್ದು 28–26ರಲ್ಲಿ, ಬರೀ 2 ಅಂಕದಿಂದ.