ರಿಯಾಲಿಟಿ ಶೋಗಳಲ್ಲಿ ಕಾಣುವ ಗೇ ಪ್ರೀತಿ ನಿಜವೋ, ನಾಟಕವೋ?

ಪ್ರಶ್ನೆ: ಜಪಾನಿನ ‘ದಿ ಬಾಯ್‌ಫ್ರೆಂಡ್’ ಶೋವನ್ನು ಅಮ್ಮನ ಜೊತೆ ಕೂತು ನೋಡಿದೆ. “ದುಡ್ಡು ಕೊಟ್ಟಿರುತ್ತಾರೆ, ಅದಕ್ಕೇ ಹೀಗೆಲ್ಲ ಆಡುತ್ತಾರೆ” ಎಂದರು ಅಮ್ಮ. ಇಂತಹ ಶೋಗಳಲ್ಲಿ ತೋರಿಸುವ ಗಂಡು–ಗಂಡಿನ ಪ್ರೀತಿಯಲ್ಲಿ ನಿಜವೆಷ್ಟು?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಮನೆ ಯಾವುದಿರಬೇಕು, ಒಳಗೆ ಯಾರು ಹೋಗಬೇಕು, ಗಂಟೆಗಟ್ಟಲೆ ಚಿತ್ರೀಕರಣದಲ್ಲಿ ಯಾವ ತುಣುಕು ಉಳಿಯಬೇಕು ಎಂಬುದೆಲ್ಲ ತಯಾರಕರ ತೀರ್ಮಾನ. ಒಬ್ಬರಿಗೆ ಇನ್ನೊಬ್ಬರ ಮೇಲೆ ಮನಸ್ಸಾಗುವುದು ಮಾತ್ರ ಅವರ ಹಿಡಿತಕ್ಕೆ ಸಿಗುವುದಿಲ್ಲ. ಹಾಗಾಗಿ ಪ್ರತಿ ಶೋವನ್ನೂ ಬೇರೆಬೇರೆಯಾಗಿಯೇ ತೂಗಿ ನೋಡಬೇಕು.

ಮೊದಲು ಕೈಚಳಕದ ವಿಷಯ. ಸ್ಪರ್ಧಿ ಒಬ್ಬನೇ ಕೂತು ಕ್ಯಾಮೆರಾ ಮುಂದೆ ಮನಸ್ಸು ಬಿಚ್ಚುವ ದೃಶ್ಯಗಳಿರುತ್ತವಲ್ಲ, ಅಲ್ಲಿ ಎದುರಿಗೆ ಪ್ರಶ್ನೆ ಕೇಳುವವರು ಇರುತ್ತಾರೆ. ಅವರ ದನಿಯನ್ನು ಸಂಕಲನದಲ್ಲಿ ತೆಗೆದುಹಾಕುತ್ತಾರೆ. ಬೇರೆಬೇರೆ ಹೊತ್ತಿನಲ್ಲಿ ಆಡಿದ ಮಾತುಗಳನ್ನು ಕತ್ತರಿಸಿ ಒಂದೇ ವಾಕ್ಯವೆಂಬಂತೆ ಜೋಡಿಸುವುದೂ ಉಂಟು. ಮಾತು ಕೇಳುತ್ತಿರುವಾಗ ಆಡುವವನ ಮುಖ ಕಾಣದೆ ಕಿಟಕಿಯೋ ಮರವೋ ಕಂಡರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ. ಗಂಡು–ಹೆಣ್ಣಿನ ಶೋಗಳಲ್ಲೂ ನಡೆಯುವುದು ಇದೇ. ಬಿಗ್ ಬಾಸ್ ಮನೆಯಲ್ಲಿ ಪ್ರತಿ ಸಲ ಒಂದು ಜೋಡಿ ಹುಟ್ಟಿಕೊಂಡಾಗ ‘ಟಿಆರ್‌ಪಿಗಾಗಿ’ ಎಂದು ಗೊಣಗಿ ಸುಮ್ಮನಾಗುತ್ತೇವೆ. ಜೋಡಿ ಇಬ್ಬರೂ ಗಂಡಸರಾದಾಗ ಮಾತ್ರ ಅಂತಹ ಪ್ರೀತಿಯೇ ಇರಲಾರದು ಎನ್ನುವವರೆಗೆ ಅನುಮಾನ ಬೆಳೆಯುತ್ತದೆ. ನನ್ನ ತಕರಾರು ಇರುವುದು ಅಲ್ಲಿ.

ನೀವು ನೋಡಿದ ಶೋವನ್ನೇ ತೆಗೆದುಕೊಳ್ಳಿ. 2024ರ ಜುಲೈನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಅದರ ಮೊದಲ ಸೀಸನ್‌ನಲ್ಲಿ ಒಂಬತ್ತು ಗಂಡಸರು ಸುಮಾರು ಒಂದು ತಿಂಗಳು ಕಡಲ ತೀರದ ಮನೆಯೊಂದರಲ್ಲಿ ಇರುತ್ತಾರೆ. ಕಾಫಿ ಮಾರುವ ಗಾಡಿಯೊಂದನ್ನು ಸರದಿಯಲ್ಲಿ ನಡೆಸುತ್ತಾರೆ. ಎಲಿಮಿನೇಷನ್ ಇಲ್ಲ, ಬಹುಮಾನದ ಹಣ ಇಲ್ಲ. ಅಲ್ಲಿನ ದೊಡ್ಡ ಜಗಳಗಳಲ್ಲಿ ಒಂದು ಕೋಳಿಮಾಂಸದ್ದು! ಮೈಕಟ್ಟು ಕಾಪಾಡಿಕೊಳ್ಳಲು ಒಬ್ಬ ಕೋಳಿಮಾಂಸವನ್ನು ಮಿಕ್ಸಿಗೆ ಹಾಕಿ ಕುಡಿಯುತ್ತಾನೆ. ಆ ಖರ್ಚು ಎಲ್ಲರ ಊಟದ ದುಡ್ಡಿನಿಂದ ಹೋಗಬೇಕೇ ಎಂದು ಉಳಿದವರು ಬಹಳ ಮರ್ಯಾದೆಯಿಂದ, ಬಹಳ ಹೊತ್ತು ಚರ್ಚಿಸುತ್ತಾರೆ. ಬಾಡಿಗೆ ಮನೆಯಲ್ಲಿ ನಾಲ್ಕು ಜನ ಹುಡುಗರು ಸೇರಿ ಅಡುಗೆ ಮಾಡಿಕೊಂಡವರಿಗೆಲ್ಲ ಈ ಚರ್ಚೆ ಗೊತ್ತು. ದಾಯ್ ಮತ್ತು ಶುನ್ ನಡುವಿನ ಪ್ರೀತಿ ಬೆಳೆಯುವುದು ಇಂತಹ ದಿನಗಳ ಮಧ್ಯದಲ್ಲೇ. ದಾಯ್ ನೇರ ಮನುಷ್ಯ, ಇಷ್ಟವನ್ನು ಬಾಯಿಬಿಟ್ಟು ಹೇಳುತ್ತಾನೆ. ಶುನ್ ಹತ್ತಿರ ಬರುತ್ತಾನೆ, ಮರುಗಳಿಗೆ ಮುನಿಸಿಕೊಂಡು ಸರಿದು ನಿಲ್ಲುತ್ತಾನೆ. ನೋಡುವವರಿಗೆ ಸಿಟ್ಟು ಬರುವಷ್ಟು ಸತಾಯಿಸುತ್ತಾನೆ. ಪ್ರೇಕ್ಷಕರು ಮೆಚ್ಚಬೇಕೆಂದು ಬರೆದ ಪಾತ್ರವಾಗಿದ್ದರೆ ಅವನನ್ನು ಇಷ್ಟು ಮೊಂಡನನ್ನಾಗಿ ಯಾರೂ ಬರೆಯುತ್ತಿರಲಿಲ್ಲ. ಶೋ ಮುಗಿದ ಮೇಲೂ ಅವರಿಬ್ಬರು ಜೋಡಿಯಾಗಿಯೇ ಕಾಣಿಸಿಕೊಂಡರು.

ಇನ್ನು ದುಡ್ಡಿನ ಮಾತು. ಪ್ರಚಾರದ ಆಸೆ ಯಾರಿಗೂ ಇರುವುದಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಗೇ ಆದವನು ಕ್ಯಾಮೆರಾ ಮುಂದೆ ಪ್ರೀತಿಸಿದರೆ ಅಪ್ಪ, ಅಮ್ಮ, ಕಚೇರಿ, ಊರು ಎಲ್ಲರಿಗೂ ಒಂದೇ ದಿನ ತಿಳಿಯುತ್ತದೆ, ಮತ್ತೆ ಅದನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಗಂಡು–ಹೆಣ್ಣಿನ ಜೋಡಿ ಈ ಬೆಲೆ ತೆರಬೇಕಾಗಿಲ್ಲ.

ಆ ಬೆಲೆ ತೆತ್ತವರಲ್ಲಿ ಪೆಡ್ರೊ ಝಮೋರಾ ಅವರನ್ನು ಮೊದಲು ನೆನೆಯಬೇಕು. 1994ರಲ್ಲಿ ಅಮೆರಿಕದ ಎಂಟಿವಿಯ ‘ದಿ ರಿಯಲ್ ವರ್ಲ್ಡ್’ ಶೋ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆಯಿತು. ಅದರಲ್ಲಿ ಪಾಲ್ಗೊಂಡ ಪೆಡ್ರೊ ಅವರಿಗೆ ಏಡ್ಸ್ ಇತ್ತು. ಅದರ ಬಗ್ಗೆ ತಿಳಿವಳಿಕೆ ಹೇಳುವುದೇ ಅವರ ಕೆಲಸವಾಗಿತ್ತು. ಶೋ ನಡೆಯುತ್ತಿರುವಾಗಲೇ ಅವರೂ ಶಾನ್ ಸಾಸರ್ ಅವರೂ ಒಬ್ಬರಿಗೊಬ್ಬರು ಮಾತು ಕೊಟ್ಟು ಜೋಡಿಯಾದರು. ಕೊನೆಯ ಕಂತು ಪ್ರಸಾರವಾದ ಮರುದಿನ, ನವೆಂಬರ್ 11ರಂದು ಪೆಡ್ರೊ ತೀರಿಕೊಂಡರು. ವಯಸ್ಸು 22. ಇದನ್ನು ನಾಟಕ ಎನ್ನಲು ನನಗಂತೂ ಬಾಯಿ ಬಾರದು.

ಮೋಸವೂ ನಡೆದಿದೆ. 2003ರ ‘ಬಾಯ್ ಮೀಟ್ಸ್ ಬಾಯ್’ ಎಂಬ ಅಮೆರಿಕದ ಶೋದಲ್ಲಿ ಜೊತೆಗಾರನನ್ನು ಹುಡುಕುತ್ತಿದ್ದ ಗೇ ಯುವಕನ ಮುಂದೆ ಹದಿನೈದು ಜನರನ್ನು ನಿಲ್ಲಿಸಿದರು; ಅವರಲ್ಲಿ ಕೆಲವರು ಗೇ ಅಲ್ಲವೇ ಅಲ್ಲ ಎಂಬುದನ್ನು ಅವನಿಂದ ಮುಚ್ಚಿಟ್ಟರು. ಅಲ್ಲೂ ಅವನ ಆಸೆ ನಿಜವಾದದ್ದೇ. ಅದನ್ನು ಆಟದ ಸಾಮಾನು ಮಾಡಿಕೊಂಡವರು ತಯಾರಕರು. ನಿಮ್ಮ ತಾಯಿಯವರ ಅನುಮಾನ ಇಂತಹವರ ಮೇಲಿದ್ದರೆ ನಾನು ಅವರ ಪಕ್ಷ.

ನಮ್ಮ ಕಡೆಗೆ ಬಂದರೆ, 2025ರಲ್ಲಿ ಮಲಯಾಳಂ ಬಿಗ್ ಬಾಸ್‌ನ ಏಳನೇ ಸೀಸನ್‌ಗೆ ಆದಿಲಾ ಮತ್ತು ನೂರಾ ಜೋಡಿಯಾಗಿ ಹೋದರು. ಇವರು ಇಬ್ಬರು ಹೆಣ್ಣುಮಕ್ಕಳು. ಮನೆಯವರು ಬೇರೆ ಮಾಡಿದ್ದ ಇವರನ್ನು ಒಟ್ಟಿಗೆ ಬಾಳಬಹುದೆಂದು ಕಳಿಸಿಕೊಟ್ಟದ್ದು 2022ರಲ್ಲಿ ಕೇರಳ ಹೈಕೋರ್ಟ್. ಅಂದರೆ ಟಿವಿಗೆ ಬರುವ ಮೂರು ವರ್ಷ ಮೊದಲೇ ಇವರ ಪ್ರೀತಿ ನ್ಯಾಯಾಲಯದ ಕಟ್ಟೆ ಹತ್ತಿ ಇಳಿದಿತ್ತು.

ಕನ್ನಡದಲ್ಲಿ ದಾರಿ ಇನ್ನೂ ಅರ್ಧ ತೆರೆದಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ಕುರಿತು ತೀರ್ಪು ಕೊಟ್ಟು, ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಅದೇ ವರ್ಷ ಬೆಂಗಳೂರಿನ ಡ್ರ್ಯಾಗ್ (ಹೆಣ್ಣಿನ ವೇಷದಲ್ಲಿ ವೇದಿಕೆ ಏರುವ) ಕಲಾವಿದ ಆ್ಯಡಂ ಪಾಷಾ ಕನ್ನಡದ ಬಿಗ್ ಬಾಸ್ ಮನೆಗೆ ಹೋದರು. ಆದರೆ ಇಬ್ಬರು ಗಂಡಸರ ಪ್ರೇಮವನ್ನೇ ನಡುವೆ ಇಟ್ಟುಕೊಂಡ ಶೋ ನಮ್ಮಲ್ಲಿ ಬಂದಿಲ್ಲ. ಗಂಡಸಿಗೆ ಸೀರೆ ಉಡಿಸಿ ನಗಿಸುವ ಕಾಮಿಡಿ ಸ್ಕಿಟ್‌ಗಳಿಗೆ ಮಾತ್ರ ಬರವಿಲ್ಲ. ಅವನ್ನು ನೋಡಿ ಬೆಳೆದ ಕಣ್ಣಿಗೆ, ಒಬ್ಬ ಗಂಡಸು ಇನ್ನೊಬ್ಬನಿಗಾಗಿ ಅತ್ತರೆ ಅದೂ ವೇಷದಂತೆ ಕಂಡರೆ ತಪ್ಪು ನಿಮ್ಮ ತಾಯಿಯವರದಲ್ಲ. ಇದೇ ಬೆಂಗಳೂರಿನಲ್ಲಿ ಗೇ ಸಮುದಾಯದವರ ‘ಗುಡ್ ಆ್ಯಸ್ ಯೂ’ ಬಳಗ ಸೇರತೊಡಗಿದ್ದು 1994ರಲ್ಲಿ, ಪೆಡ್ರೊ ಟಿವಿಯಲ್ಲಿ ಕಾಣಿಸಿಕೊಂಡ ವರ್ಷವೇ. ಊರಿನಲ್ಲಿ ಈ ಪ್ರೀತಿ ಅಂದಿನಿಂದಲೂ ಇದೆ, ಅದಕ್ಕಿಂತ ಮುಂಚಿನಿಂದಲೂ ಇದೆ. ನಮ್ಮ ವಾಹಿನಿಗಳು ಅತ್ತ ತಿರುಗಿಲ್ಲ ಅಷ್ಟೆ.

ಮುಂದೆ ಯಾರಾದರೂ ಕನ್ನಡದಲ್ಲಿ ಇಂತಹ ಶೋ ಮಾಡುವುದಾದರೆ ನಾನು ಕೇಳುವುದು ಇಷ್ಟು: ಆಯ್ಕೆ ಮಾಡುವ ಮತ್ತು ಸಂಕಲನ ಮಾಡುವ ತಂಡದಲ್ಲಿ ಗೇ ಸಮುದಾಯದವರು ಇರಲಿ. ಮನೆಯವರಿಗೆ ಇನ್ನೂ ಹೇಳದ ಹುಡುಗನನ್ನು ಪ್ರೋಮೋದಲ್ಲಿ ಬಯಲಿಗೆಳೆಯಬೇಡಿ. ಸಲಿಂಗ ಮದುವೆಗೆ ಕಾನೂನಿನ ಮಾನ್ಯತೆಯನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ನಿರಾಕರಿಸಿರುವಾಗ, ಕೊನೆಯ ಕಂತಿಗೆ ಮಂಟಪ ಹಾಕಿ ಟಿಆರ್‌ಪಿ ಎತ್ತಲು ಹೋಗಬೇಡಿ. ಇಬ್ಬರೂ ಕಾಫಿ ಮಾಡಿಕೊಂಡು, ಜಗಳವಾಡಿಕೊಂಡು, ರಾಜಿಯಾಗುವುದನ್ನು ಕತ್ತರಿಸದೆ ತೋರಿಸಿ.